ಉಸಿರು ಸಿಗದ ಮೋಟಾರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಎಂಜಿನ್ ಹೇಗೆ ಓಡುತ್ತದೆ ಎಂಬುದನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದೇನೆ. ಗಾಳಿಗೆ ನೀಲಿ, ಪೆಟ್ರೋಲಿಗೆ ಹಸಿರು, ಕಿಡಿಗೆ ಕೆಂಪು. ಆದರೆ ನಿಜವಾದ ಒಂದು ಎಂಜಿನ್ನಿನ ಪ್ಲಗ್ಗನ್ನು ನನ್ನ ಕೈಯಾರೆ ಬಿಚ್ಚಿದ್ದು ನಲವತ್ತು ದಾಟಿದ ಮೇಲೆ, ಅದೂ ಮೊಣಕಾಲುದ್ದ ಕೆಂಪು ರಾಡಿಯ ನೀರಿನಲ್ಲಿ ನಿಂತು.

ಆಗ ನಾನು ನವಲಗುಂದ ತಾಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಒಂದು ಊರಿನಲ್ಲಿದ್ದೆ. ಯಮನೂರಿನಿಂದ ಬಹಳ ದೂರವಲ್ಲ. ನನ್ನ ತವರು ಕುಂದಗೋಳ ತಾಲೂಕಿನ ಯರಗುಪ್ಪಿ. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡ ತೀರಿಕೊಂಡಿದ್ದರು. ಆಮೇಲೆ ಪರೀಕ್ಷೆ ಕಟ್ಟಿ ನೌಕರಿ ಹಿಡಿದು ಆ ಊರಿಗೆ ಬಂದವಳಿಗೆ ಬಾಡಿಗೆಗೆ ಕೋಣೆ ಕೊಟ್ಟವರು ಮಿಸ್ತ್ರಿ ಕಾಕಾ ಮತ್ತು ಅವರ ಹೆಂಡತಿ. ಅದಕ್ಕೆ ಮೊದಲು ಎರಡು ಮನೆಯಲ್ಲಿ ನನ್ನನ್ನು ಕೂಡಿಸಿ ಎಲ್ಲ ಕೇಳಿದ್ದರು. ಗಂಡ ಹೇಗೆ ಹೋದರು, ಮಕ್ಕಳಾಗಲಿಲ್ಲವೇ, ಒಬ್ಬಳೇ ಹೇಗಿರುತ್ತೀ. ಕಾಕಾ ಮಾತ್ರ ಒಂದೇ ಪ್ರಶ್ನೆ ಕೇಳಿದರು.

"ಅಕ್ಕೋರ, ನಿಮಗ ಬಿಸಿನೀರು ಮುಂಜಾನಿ ಎಷ್ಟಕ್ಕ ಬೇಕು?"

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಎಲ್ಲರೂ ಅಕ್ಕೋರ ಎನ್ನುತ್ತಾರೆ. ಕಾಕಾನೂ ಕೊನೆಯವರೆಗೆ ಹಾಗೆಯೇ ಕರೆದರು. ಆ ಒಂದು ಪ್ರಶ್ನೆಗೇ ನಾನು ಆ ಕೋಣೆ ಹಿಡಿದೆ. ಒಂಬತ್ತು ವರ್ಷ ಅಲ್ಲಿಯೇ ಇದ್ದೆ.

ಕಾಕಾ ಸುತ್ತಲಿನ ಊರುಗಳಿಗೆಲ್ಲ ಗೊತ್ತಿದ್ದ ಮಿಸ್ತ್ರಿ. ಬಾವಿಯ ಪಂಪು, ಹತ್ತಿಗೆ ಔಷಧ ಹೊಡೆಯುವ ಪೆಟ್ರೋಲ್ ಎಂಜಿನ್ನಿನ ಪಂಪು, ಹಿಟ್ಟಿನ ಗಿರಣಿ, ಹಳೆಯ ಸ್ಕೂಟರು, ಯಾವುದೇ ಇರಲಿ. ಅವರು ಮೊದಲು ಮುಟ್ಟುತ್ತಿರಲಿಲ್ಲ. ಬಾಜೂ ಕೂತು ಬೀಡಿ ಹಚ್ಚಿ, "ಹೂಂ, ಒಮ್ಮಿ ಚಾಲೂ ಮಾಡು" ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಎದ್ದು ನೇರವಾಗಿ ಒಂದೇ ಜಾಗಕ್ಕೆ ಕೈ ಹಾಕುತ್ತಿದ್ದರು. ಅವರ ಕೆಲಸದ ಛಪ್ಪರ ನನ್ನ ಕೋಣೆಯ ಕಿಟಕಿಗೆ ಎದುರಾಗಿತ್ತು. ನಾನು ಉತ್ತರಪತ್ರಿಕೆ ತಿದ್ದುತ್ತ ಅವರನ್ನು ನೋಡುತ್ತಿದ್ದೆ. ಒಮ್ಮೆಯೂ ಎದ್ದು ಹೋಗಿ ಏನು ಮಾಡುತ್ತಿದ್ದೀರಿ ಎಂದು ಕೇಳಲಿಲ್ಲ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವರ ಮೂತ್ರಪಿಂಡಗಳು ಕೆಟ್ಟಿದ್ದು ನಾನು ಬಂದು ಆರೇಳು ವರ್ಷದ ಮೇಲೆ. ಬೀಡಿ ಬಿಟ್ಟರು, ಕೆಲಸ ಬಿಟ್ಟರು. ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಬಾಜೂ ಮಲಗಿ ಬರಬೇಕು. ದಿನಕ್ಕೆ ಇಷ್ಟೇ ನೀರು ಕುಡಿಯಬೇಕೆಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದರು. ಕಾಕು, ಅಂದರೆ ಅವರ ಹೆಂಡತಿ, ಒಂದು ಸ್ಟೀಲ್ ಚಂಬಿಗೆ ಉಗುರು ಬಣ್ಣದಿಂದ ಗೆರೆ ಎಳೆದಿಟ್ಟಿದ್ದರು. ಎಡಗೈಯಲ್ಲಿ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಎರಡು ರಕ್ತನಾಳ ಕೂಡಿಸಿದ್ದರು. ಆ ಕೈಯಿಂದ ಭಾರ ಎತ್ತುವಂತಿರಲಿಲ್ಲ. ಒಂದು ದಿನ ಕಾಕಾ ನನ್ನ ಕೈ ಹಿಡಿದು ಅಲ್ಲಿ ಮುಟ್ಟಿಸಿದರು. ಚರ್ಮದ ಕೆಳಗೆ ಏನೋ ಝುಂ ಎಂದು ನಡುಗುತ್ತಿತ್ತು.

"ನೋಡ್ರಿ, ಇಲ್ಲೊಂದು ಮೋಟಾರು ರಾತ್ರಿ ಹಗಲು ಓಡತೈತಿ. ಇದನ್ನ ಬಂದ್ ಮಾಡಾಕ ನನಗೂ ಬರೂದಿಲ್ಲ" ಎಂದು ನಕ್ಕರು.

ಆ ವರ್ಷ ಶ್ರಾವಣದಲ್ಲಿ ಮೇಲಿನ ಕಡೆ ಮಳೆ ಜಡಿದು ಹಿಡಿಯಿತು. ನಮ್ಮೂರಲ್ಲಿ ಅಂಥ ದೊಡ್ಡ ಮಳೆಯೇನೂ ಇರಲಿಲ್ಲ. ಬೆಣ್ಣಿಹಳ್ಳದ ರೀತಿಯೇ ಹಾಗೆ, ಎಲ್ಲೋ ಬಿದ್ದ ಮಳೆಯನ್ನು ತಂದು ನಮ್ಮ ಬಾಗಿಲಿಗೆ ಇಡುತ್ತದೆ. ರವಿವಾರ ಮಧ್ಯಾಹ್ನ ನೀರು ಏರಲು ಸುರುವಾಯಿತು. ಸಂಜೆಯೊಳಗೆ ಸೇತುವೆ ಮುಳುಗಿತು, ಹೆಸರಿನ ಹೊಲ, ಗೋವಿನಜೋಳದ ಹೊಲ ಎಲ್ಲ ಒಂದೇ ಕೆರೆಯಾದವು. ಕೆಳಗಿನ ಓಣಿಯವರು ಮೇಲಿನ ಶಾಲೆಗೆ ಬಂದರು. ನಾನು ಬೀಗ ತೆಗೆದು ಜಮಖಾನೆ ಹಾಸಿಕೊಟ್ಟೆ.

ಕಾಕಾನ ಡಯಾಲಿಸಿಸ್ ಸೋಮವಾರ. ಸೋಮವಾರ ಹಾಗೆಯೇ ಹೋಯಿತು. ಮಂಗಳವಾರ ಮುಂಜಾನೆ ನಾನು ಕೋಣೆಯಿಂದ ಹೊರಗೆ ಬಂದಾಗ ಅವರು ಕಟ್ಟೆಯ ಮೇಲೆ ಕೂತಿದ್ದರು. ಮುಖ ಬಾತಿತ್ತು, ಕಾಲು ಕಂಬದ ಹಾಗಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಹಿಂದಿನ ಸಂಜೆಯಿಂದಲೂ ಕೂತೇ ಇದ್ದರಂತೆ. ಕಾಕು ನನ್ನ ಕಡೆ ನೋಡಿದರು.

ನಾನು ಫೋನಿನ ಮೇಲೆ ಫೋನು ಮಾಡಿದೆ. ಆ ಕಡೆಯ ಡಾಂಬರು ರಸ್ತೆಯವರೆಗೆ ಆಂಬ್ಯುಲೆನ್ಸ್ ಬರುತ್ತದೆ ಎಂದರು. ಆದರೆ ಊರಿಗೂ ರಸ್ತೆಗೂ ನಡುವೆ ಒಂದು ಮೈಲು ನೀರು. ರಕ್ಷಣಾ ತಂಡದ ದೋಣಿ ಆಗಲೇ ಬೇರೆ ಊರಲ್ಲಿ ಮನೆಯ ಮಾಳಿಗೆ ಏರಿ ಕೂತವರನ್ನು ಇಳಿಸುತ್ತಿತ್ತು. ಸಂಜೆಯಾಗಬಹುದು, ನಾಳೆಯೂ ಆಗಬಹುದು ಎಂದರು. ಅವರ ದನಿಯಲ್ಲಿಯೂ ದಣಿವಿತ್ತು. ಅವರನ್ನು ದೂರುವಂತಿರಲಿಲ್ಲ.

ಆಗ ಕಾಕಾ ಹೇಳಿದರು: "ನಮ್ಮ ದೋಣಿ ಐತೆಲ್ಲ."

ಹಿಂದೊಮ್ಮೆ ಹೊಳೆ ಬಂದಾಗ ಯಾರೋ ದಾನಿಗಳು ಊರಿಗೆ ಒಂದು ಫೈಬರ್ ದೋಣಿ ಕೊಟ್ಟುಹೋಗಿದ್ದರು. ಅದು ಶಾಲೆಯ ಹಿಂದೆ ಬೋರಲು ಬಿದ್ದಿತ್ತು. ಅದರ ಹಿಂಬದಿಗೆ ಸಿಗಿಸುವ ಮೋಟಾರು ಕಾಕಾನ ಛಪ್ಪರದಲ್ಲಿತ್ತು. ಮಲಪ್ರಭೆಯ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ ಒಬ್ಬರು ಕಸುಬು ಬಿಟ್ಟು ಹೋಗುವಾಗ ಕಾಕಾನಿಗೆ ಕೊಟ್ಟಿದ್ದ ಹಳೆಯ ಮೋಟಾರು. ಕಾಕಾ ಪ್ರತಿ ವರ್ಷ ಮಳೆಗಾಲದ ಮುಂಚೆ ಅದನ್ನು ಒಮ್ಮೆ ಓಡಿಸಿ, ಎಣ್ಣೆ ಸವರಿ, ಗೋಣಿಚೀಲ ಸುತ್ತಿ ಇಡುತ್ತಿದ್ದರು. ಕಾಯಿಲೆ ಬಿದ್ದ ಮೇಲೆ ಎರಡು ವರ್ಷ ಯಾರೂ ಅದರ ಗೋಣಿಚೀಲ ಬಿಚ್ಚಿರಲಿಲ್ಲ.

ಬಾಜೂ ಮನೆಯ ರೈತನನ್ನು ನಾನು ಅಣ್ಣ ಎಂದು ಕರೆಯುತ್ತಿದ್ದೆ. ಐವತ್ತರ ಹತ್ತಿರದ ಗಟ್ಟಿ ಆಳು, ಚೆನ್ನಾಗಿ ಈಜು ಬರುತ್ತಿತ್ತು. ಅವರು ನಾಲ್ಕು ಮಂದಿಯನ್ನು ಕರೆದು ದೋಣಿ ಹೊತ್ತು ತಂದು ಕೆಳಗಿನ ಓಣಿಯ ತುದಿಯಲ್ಲಿ ನೀರಿಗಿಳಿಸಿದರು. ಮೋಟಾರನ್ನು ಹಿಂದಿನ ಹಲಗೆಗೆ ಸಿಗಿಸಿ ತಿರುಪು ಬಿಗಿದರು. ಕಾಕಾನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತು ತಂದು ನೀರಿನ ಅಂಚಿನಲ್ಲಿ ಕೂಡಿಸಿದೆವು. ಕಾಕು ಮೇಲೆ ಕೊಡೆ ಹಿಡಿದರು.

ಅಣ್ಣ ಹಗ್ಗ ಜಗ್ಗಿದರು. ಮೋಟಾರು ಬರ್ರ್ ಎಂದು ಒಮ್ಮೆ ತಿರುಗಿ ಸುಮ್ಮನಾಯಿತು. ಮತ್ತೊಮ್ಮೆ. ಮತ್ತೊಮ್ಮೆ. ಇಪ್ಪತ್ತು ಸಲ ಜಗ್ಗಿದ ಮೇಲೆ ಅವರ ಭುಜ ಬಿದ್ದುಹೋಯಿತು.

"ಇದು ಸತ್ತೈತಿ ಬಿಡ್ರಿ ಕಾಕಾ" ಎಂದರು ಅಣ್ಣ.

"ಸಾಯಾಕ ಅದೇನ್ ಮನಶ್ಯಾನ?" ಕಾಕಾ ಸಿಟ್ಟಿನಿಂದಲೇ ಹೇಳಿದರು. "ಕಿಡಿ, ಗಾಳಿ, ಪೆಟ್ರೋಲು. ಮೂರರಾಗ ಒಂದು ಇಲ್ಲ. ಯಾವುದಿಲ್ಲ ಅಂತ ಹುಡುಕೂದು ಅಷ್ಟ. ಅಕ್ಕೋರ, ಇಲ್ಲಿ ಬರ್ರಿ. ನನ್ನ ಕೈ ನಡಗಾಕ ಹತ್ಯಾವು. ನಿಮ್ಮ ಕೈ ಕೊಡ್ರಿ ನನಗ."

ನಾನು ಸೀರೆ ಎತ್ತಿ ಸಿಗಿಸಿ ನೀರಿಗಿಳಿದೆ.

ಮೊದಲು ಟಾಕಿ. ಅದು ಮೋಟಾರಿನ ತಲೆಯ ಮೇಲೆಯೇ ಇದ್ದ ಪುಟ್ಟ ಟಾಕಿ. ಮುಚ್ಚಳ ತೆಗೆದು ಮೂಸಿ ನೋಡಿ ಎಂದರು. ಹಳೆಯ ಪೆಟ್ರೋಲು ಬಾಗಿಲಿಗೆ ಹಚ್ಚುವ ವಾರ್ನಿಶ್ ಹಾಗೆ ನಾರುತ್ತಿತ್ತು. ಎಲ್ಲ ತೆಗೆದುಹಾಕಿದೆವು. ಅಣ್ಣನ ಮೋಟಾರ್‌ಸೈಕಲ್ಲಿನಿಂದ ಹೊಸ ಪೆಟ್ರೋಲು ತೆಗೆದೆವು. ಅದಕ್ಕೆ ಎಣ್ಣೆ ಬೆರೆಸಬೇಕು, ಹೆಚ್ಚಾದರೆ ಪ್ಲಗ್ಗು ಕೆಡುತ್ತದೆ, ಕಡಿಮೆಯಾದರೆ ಒಳಗೆ ಉಜ್ಜಿ ಹೋಗುತ್ತದೆ ಎಂದರು ಕಾಕಾ. ಔಷಧ ಹೊಡೆಯುವ ಪಂಪಿಗೆಂದು ತಂದಿದ್ದ ಎಣ್ಣೆ ಅಣ್ಣನ ಮನೆಯಲ್ಲಿಯೇ ಇತ್ತು. ನಾನು ಓಡಿ ಹೋಗಿ ಶಾಲೆಯ ಕಪಾಟಿನಿಂದ ಗಾಜಿನ ಅಳತೆ ಜಾಡಿ ತಂದೆ. ಅದರ ಗೆರೆಗೆ ಕಣ್ಣು ಸಮ ಮಾಡಿ ಎಣ್ಣೆ ಸುರಿಯುವುದನ್ನು ನೋಡಿ ಕಾಕಾ, "ಜ್ವರದ ಔಷಧ ಹಾಕಿದಂಗ ಹಾಕತೀರಲ್ರಿ" ಎಂದರು. ಅಷ್ಟು ಹೇಳುವುದರಲ್ಲಿಯೇ ಅವರಿಗೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

ಹಗ್ಗ ಜಗ್ಗಿದರೂ ಚಾಲೂ ಆಗಲಿಲ್ಲ.

ಆಮೇಲೆ ಪ್ಲಗ್ಗು. ಕಾಕಾ ತಮ್ಮ ಚೀಲದಿಂದ ನಟ್ಟು ಬಿಚ್ಚುವ ಒಂದು ಉದ್ದನೆಯ ಪಾನಾ ಆರಿಸಿ ಕೊಟ್ಟರು. ನನ್ನ ಜೀವಮಾನದಲ್ಲಿ ಅಷ್ಟು ಬಿಗಿಯಾದ ವಸ್ತುವನ್ನು ನಾನು ತಿರುಗಿಸಿರಲಿಲ್ಲ. ಎರಡೂ ಕೈ ಹಾಕಿ, ಹಲ್ಲು ಕಚ್ಚಿ ತಿರುವಿದೆ. ಬಿಟ್ಟಿತು. ತುದಿ ಕಾಡಿಗೆಯಾಗಿತ್ತು. ಅದನ್ನು ಮರಳುಕಾಗದದಿಂದ ಉಜ್ಜಿ, ವೈರಿಗೆ ಸಿಗಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಹಿಡಿದು ಹಗ್ಗ ಜಗ್ಗಿದರೆ ಕಿಡಿ ಕಾಣಬೇಕು. ಆದರೆ ಹಗಲಿನ ಬೆಳಕಿನಲ್ಲಿ ಕಿಡಿ ಕಾಣುವುದಿಲ್ಲವಂತೆ. "ಕಂಬಳಿ ಹೊದ್ಕೊಂಡು ನೋಡ್ರಿ" ಎಂದರು. ಕಾಕು ಕಂಬಳಿ ಕೊಟ್ಟರು. ಶಾಲೆಯಲ್ಲಿ ನನ್ನನ್ನು ಕಂಡರೆ ಎದ್ದು ನಿಲ್ಲುವ ಊರಿನ ಮಂದಿಯೆಲ್ಲ ಸುತ್ತ ನಿಂತಿದ್ದರು. ನಾನು ದೋಣಿಯ ಹಿಂದೆ ಕಂಬಳಿಯೊಳಗೆ ತಲೆ ಹಾಕಿ ನಿಂತೆ. ಅಣ್ಣ ಜಗ್ಗಿದರು. ಕಿಡಿ ಕಾಣಲಿಲ್ಲ. ನನ್ನ ಮೊಣಕೈಯವರೆಗೆ ಮಾತ್ರ ಯಾರೋ ಸುತ್ತಿಗೆಯಿಂದ ಹೊಡೆದಂತಾಯಿತು. ಅಯ್ಯೋ ಎಂದು ಕೂಗಿ ಪ್ಲಗ್ಗು ಬಿಟ್ಟೆ.

ಎಲ್ಲರೂ ಗಾಬರಿಯಾದರು. ಕಾಕಾ ಒಬ್ಬರೇ ಖುಷಿಯಾದರು.

"ಬಂತ್ರಿ, ಬಂತು! ಕರೆಂಟ್ ವೈರಿನ ತನಾ ಬಂದೈತಿ. ಪ್ಲಗ್ಗ ಹೋಗೈತಿ. ಬ್ಯಾರೇ ಪ್ಲಗ್ಗ ಹಾಕ್ರಿ."

ಬೇರೆ ಪ್ಲಗ್ಗು ಎಲ್ಲಿಂದ ತರುವುದು? ಅಣ್ಣನ ದನದ ಕೊಟ್ಟಿಗೆಯಲ್ಲಿ ಅವರ ತಂದೆಯ ಕಾಲದ ಸ್ಕೂಟರು ನಿಂತಿತ್ತು. ಅದರ ಪ್ಲಗ್ಗು ಇದಕ್ಕೆ ಕೂಡುತ್ತದೆ ಎಂದರು ಕಾಕಾ. ಅಣ್ಣ ಓಡಿಹೋಗಿ ಬಿಚ್ಚಿ ತಂದರು. ಅಗದಿ ಸರಿಯಾಗಿ ಕೂಡಿತು. ಈ ಸಲ ವೈರಿನ ರಬ್ಬರನ್ನು ಬಟ್ಟೆಯಿಂದ ಹಿಡಿದು ಮತ್ತೆ ಕಂಬಳಿ ಹೊದ್ದೆ. ಕತ್ತಲೆಯಲ್ಲಿ ಟಪ್ ಎಂದು ಒಂದು ನೀಲಿ ಚುಕ್ಕೆ ಹಾರಿತು. ಇಷ್ಟು ವರ್ಷ ಅದನ್ನು ಕೆಂಪು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆನಲ್ಲ ಎಂದುಕೊಂಡೆ. ಕಂಬಳಿಯೊಳಗೆ ನಾನು ಒಬ್ಬಳೇ ನಕ್ಕೆ.

ಪ್ಲಗ್ಗು ಹಾಕಿ ಬಿಗಿದೆ. ಅಣ್ಣ ಮೂರನೆಯ ಸಲ ಜಗ್ಗಿದಾಗ ಮೋಟಾರು ಎದ್ದಿತು. ನೀಲಿ ಹೊಗೆ ಬಂತು, ನೀರು ಕದಡಿತು, ದಂಡೆಯ ಮೇಲಿದ್ದವರು ಕೂಗಿದರು. ಕಾಕು ಕೊಡೆ ಮಡಚಿ ಕಾಕಾನ ಚೀಲ ಎತ್ತಿಕೊಂಡರು. ಅಷ್ಟರಲ್ಲಿ ಮೋಟಾರಿನ ದನಿ ಸಣ್ಣಗಾಗುತ್ತ ಬಂದು ಕುಂಯ್ ಎಂದು ನಿಂತಿತು. ಒಂದು ನಿಮಿಷವೂ ಓಡಿರಲಿಲ್ಲ.

ಮತ್ತೆ ಜಗ್ಗಿದರೆ ಏಳಲಿಲ್ಲ.

"ಪೆಟ್ರೋಲ್ ಐತೇನು ನೋಡ್ರಿ" ಎಂದರು ಕಾಕಾ. ಮುಚ್ಚಳ ತೆಗೆದು ನೋಡಿದೆ. ತುಂಬಾ ಇತ್ತು. ಮುಚ್ಚಳ ಹಾಕಿದೆ. ಅಣ್ಣ ಜಗ್ಗಿದರು. ಎದ್ದಿತು. ಒಂದು ನಿಮಿಷಕ್ಕೆ ಮತ್ತೆ ನಿಂತಿತು.

ಕಾರ್ಬೋರೇಟರಿನಲ್ಲಿ ಕಸ ಸಿಕ್ಕಿರಬೇಕು ಎಂದು ಕಾಕಾ ಅದನ್ನು ಬಿಚ್ಚಿಸಿದರು. ಅದೊಂದು ತಾಸಿನ ಕೆಲಸ. ಸಣ್ಣ ಸಣ್ಣ ತಿರುಪುಗಳನ್ನು ಕಾಕುವಿನ ಉಡಿಯಲ್ಲಿ ಹಾಕುತ್ತ ಹೋದೆ. ತಳದ ಬಟ್ಟಲಿನಲ್ಲಿ ಬೆಲ್ಲದ ಪಾಕದಂಥ ಅಂಟು ಹಿಡಿದಿತ್ತು. ಪೆಟ್ರೋಲಿನಿಂದ ತೊಳೆದು, ಕಸಬರಿಗೆಯ ಕಡ್ಡಿಯಿಂದ ತೂತು ಬಿಡಿಸಿ, ಬಾಯಿಂದ ಊದಿ ಮತ್ತೆ ಕೂಡಿಸಿದೆ. ನಾಲಿಗೆಯೆಲ್ಲ ಪೆಟ್ರೋಲು. ಟಾಕಿಯ ಮುಚ್ಚಳ ತೆಗೆದು ಪೆಟ್ರೋಲು ಎಷ್ಟಿದೆ ನೋಡಿ ಮತ್ತೆ ಹಾಕಿದೆ. ಜಗ್ಗಿದರೆ ಎದ್ದಿತು. ಒಂದು ನಿಮಿಷ. ನಿಂತಿತು.

ಆ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕಾಕಾನ ತುಟಿಗಳು ಕಪ್ಪಗಾಗುತ್ತಿದ್ದವು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅವರು ಮುಂದಕ್ಕೆ ಬಾಗಿ ಉಸಿರು ಎಳೆಯುತ್ತಿದ್ದರು. ನನ್ನ ಕೈ ಸೋತಿತ್ತು, ಕಣ್ಣಲ್ಲಿ ನೀರು ಬಂತು. "ಕಾಕಾ, ನನಗಿದು ತಿಳಿಯೂದಿಲ್ಲ. ನಾನು ಬರೀ ಪುಸ್ತಕದಾಗ ಓದೀನಿ" ಎಂದುಬಿಟ್ಟೆ.

"ನಿಮ್ಮ ಕರಿಹಲಗಿ ಮ್ಯಾಲಿನ ಎಂಜಿನ್ ಎಂದಾರ ನಿಂತಿತ್ತೇನು?" ಎಂದು ಕೇಳಿದರು.

"ಇಲ್ರಿ."

"ಅದಕ್ಕ ನಿಮಗ ಗೊತ್ತಾಗಿಲ್ಲ. ನಿಂತದ್ದ ನಮಗ ಕಲಸೂದು. ಅಳಬ್ಯಾಡ್ರಿ. ಅದರ ಸಪ್ಪಳ ಕೇಳ್ರಿ. ಒಮ್ಮಿಗೇ ಬಂದ್ ಆಗವಲ್ದು, ಸಣ್ಣಾಗಿ ಸಣ್ಣಾಗಿ ಹೋಗತೈತಿ. ನನ್ನಂಗ. ಅದಕ್ಕ ಉಸಿರು ಸಿಗವಲ್ದು, ಇಲ್ಲಾ ಹೊಟ್ಟಿಗಿ ಸಿಗವಲ್ದು."

ನಾನು ಮುಖ ಒರೆಸಿಕೊಂಡು ಯೋಚನೆ ಮಾಡಿದೆ. ನಿಂತಮೇಲೆ ಸುಮ್ಮನೆ ಜಗ್ಗಿದರೆ ಏಳುವುದಿಲ್ಲ. ಮುಚ್ಚಳ ತೆಗೆದು ಪೆಟ್ರೋಲು ನೋಡಿ ಹಾಕಿದಮೇಲೆ ಏಳುತ್ತದೆ. ಎರಡು ಸಲವೂ ಹಾಗೆಯೇ ಆಗಿತ್ತು. ಮುಚ್ಚಳ ತೆಗೆದಾಗ ನಾವು ಏನು ಮಾಡುತ್ತಿದ್ದೆವು? ಬರೀ ನೋಡುತ್ತಿದ್ದೆವು. ಆದರೆ ಒಳಗೆ ಗಾಳಿ ಹೋಗುತ್ತಿತ್ತು.

ಎಂಟನೆಯ ಇಯತ್ತೆಯ ಮಕ್ಕಳಿಗೆ ಗಾಳಿಯ ಒತ್ತಡ ಕಲಿಸುವಾಗ ನಾನು ಪ್ರತಿ ವರ್ಷ ಒಂದು ಎಣ್ಣೆ ಡಬ್ಬಿ ಒಯ್ಯುತ್ತೇನೆ. ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಗುಳು ಗುಳು ಎಂದು ಬಿದ್ದು ನಿಲ್ಲುತ್ತದೆ. ಇನ್ನೊಂದು ತೂತು ಮಾಡಿದರೆ ಧಾರೆಯಾಗಿ ಬೀಳುತ್ತದೆ, ಏಕೆಂದರೆ ಎಣ್ಣೆ ಹೋದ ಜಾಗಕ್ಕೆ ಗಾಳಿ ಬರಬೇಕು.

"ಕಾಕಾ, ಟಾಕಿಗೆ ಗಾಳಿ ಎಲ್ಲಿಂದ ಹೋಗತೈತಿ?"

"ಮುಚ್ಚಳದ ಮ್ಯಾಲೆ ತಿರುಪು ಐತೆಲ್ಲ, ಅದನ್ನ ಸಡ್ಲ ಮಾಡಿದ್ರ ಅದರ ಬುಡದಾಗಿನ ತೂತಿನಿಂದ ಹೋಗತೈತಿ. ಮುಂಜಾನೆನ ಸಡ್ಲ ಮಾಡಿಸೀನಿ."

ನಾನು ತಿರುಪನ್ನು ಪೂರ್ತಿ ಬಿಚ್ಚಿ ತೆಗೆದೆ. ಬುಡದಲ್ಲಿ ತೂತು ಇರಲಿಲ್ಲ. ಅಲ್ಲಿ ಗಟ್ಟಿ ಮಣ್ಣಿತ್ತು. ನಮ್ಮ ಎರೆ ಹೊಲದ ಕರಿ ಮಣ್ಣು, ನುಣ್ಣಗೆ ಮೆತ್ತಿದಂಥದ್ದು. ತುರುಬಿನ ಪಿನ್ನು ತೆಗೆದು ಕೆದರಿದೆ. ಮಣ್ಣು ಉದುರಿತು. ಅದರೊಳಗಿಂದ ಒಣಗಿದ ಒಂದು ಹಸಿರು ಜೇಡದ ಹುಳ ಬಿತ್ತು.

"ಕುಂಬಾರ ಹುಳ!" ಎಂದರು ಕಾಕು. ಮನೆಯ ಗೋಡೆಯಲ್ಲಿ, ಬಾಗಿಲ ಸಂದಿಯಲ್ಲಿ ಮಣ್ಣಿನ ಗೂಡು ಕಟ್ಟಿ, ಮರಿಗೆ ತಿನ್ನಲು ಜೇಡ ತುಂಬಿಡುವ ಹುಳ. ಎರಡು ವರ್ಷದಲ್ಲಿ ಯಾವಾಗಲೋ ಗೋಣಿಚೀಲದೊಳಗೆ ಹೊಕ್ಕು, ಮೋಟಾರಿನ ಮೂಗಿನಲ್ಲಿ ಮನೆ ಮಾಡಿತ್ತು.

ಕಾಕಾ ಹಣೆ ಬಡಿದುಕೊಂಡರು. "ನಲವತ್ತು ವರ್ಷ ಮಿಸ್ತ್ರಿಕಿ ಮಾಡೀನಿ. ಇದನ್ನ ನೋಡಲಿಲ್ಲ ನೋಡ್ರಿ. ಶಾಣ್ಯಾ ಇದ್ದೀರಿ ಅಕ್ಕೋರ ನೀವು." ಕಾಕಾನ ಬಾಯಿಂದ ಆ ಮಾತು ಬರುವುದು ಸಣ್ಣದಲ್ಲ. ನನ್ನ ಸೇವಾ ಪುಸ್ತಕದಲ್ಲಿ ಅದನ್ನು ಬರೆಸುವಂತಿದ್ದರೆ ಬರೆಸುತ್ತಿದ್ದೆ.

ಅಣ್ಣ ಜಗ್ಗಿದರು. ಎದ್ದಿತು. ಒಂದು ನಿಮಿಷ ಆಯಿತು, ಎರಡಾಯಿತು. ಐದು ನಿಮಿಷ ಓಡಿದ ಮೇಲೆ ಕಾಕಾ ಕುರ್ಚಿಯಿಂದ ಏಳಲು ನೋಡಿದರು.

ಅವರನ್ನು ದೋಣಿಯ ನಡುವೆ ಗೋಣಿಚೀಲದ ಮೇಲೆ ಕೂಡಿಸಿದೆವು. ಕಾಕು ಹಿಂದೆ ಕೂತು ಅವರ ಬೆನ್ನಿಗೆ ತಮ್ಮ ಎದೆಯನ್ನೇ ಆಸರೆ ಕೊಟ್ಟರು. ಅಣ್ಣ ಮೋಟಾರಿನ ಹಿಡಿಕೆ ಹಿಡಿದರು. ನಾನು ದಂಡೆಯಲ್ಲಿ ನಿಂತಿದ್ದೆ. ನನಗೆ ಈಜು ಬರುವುದಿಲ್ಲ, ದೋಣಿ ಹತ್ತಿದವಳೇ ಅಲ್ಲ.

"ಅಕ್ಕೋರ, ಹತ್ತರಿ. ನಡುವ ಮೋಟಾರು ನಿಂತ್ರ ನನಗ ಕೈ ಯಾರು ಕೊಡವ್ರು?" ಎಂದರು ಕಾಕಾ.

ಹತ್ತಿದೆ.

ನೀರಿನ ಮೇಲಿನಿಂದ ನಮ್ಮ ಊರು ನನಗೆ ಗುರುತೇ ಸಿಗಲಿಲ್ಲ. ದಿನಾ ನಡೆದು ಹೋಗುತ್ತಿದ್ದ ಹಾದಿ ಎಲ್ಲಿದೆ, ಹೊಲ ಎಲ್ಲಿದೆ ಒಂದೂ ತಿಳಿಯಲಿಲ್ಲ. ಎರಡು ಸಾಲು ಜಾಲಿಗಿಡದ ತಲೆಗಳು ಕಾಣುತ್ತಿದ್ದವು. ಅವುಗಳ ನಡುವೆ ಹಳ್ಳದ ನಿಜವಾದ ಪಾತ್ರ. ಅಲ್ಲಿ ನೀರು ಜೋರಾಗಿ, ಗುಡುಗುಟ್ಟುತ್ತ ಹರಿಯುತ್ತಿತ್ತು. ಅಣ್ಣ ದೋಣಿಯ ಮೂತಿಯನ್ನು ಸೆಳವಿಗೆ ಓರೆ ಮಾಡಿ ಹಿಡಿದು ದಾಟಿಸಿದರು. ನಾನು ದೋಣಿಯ ಅಂಚು ಹಿಡಿದ ಕೈ ಬಿಡಿಸಲು ಆಮೇಲೆ ಬೆರಳು ಒಂದೊಂದಾಗಿ ಎತ್ತಬೇಕಾಯಿತು.

ಸೆಳವು ದಾಟಿದ ಮೇಲೆ ಮೋಟಾರು ಥಟ್ಟನೆ ನಿಂತಿತು.

ಎಲ್ಲರೂ ಕಾಕಾನ ಮುಖ ನೋಡಿದೆವು. ಅವರು ಕಣ್ಣು ಮುಚ್ಚಿಯೇ ಇದ್ದರು. "ಈಗ ಸಣ್ಣಾಗಿ ಹೋಗಲಿಲ್ಲ. ಒಮ್ಮಿಗೇ ನಿಂತತು. ಉಸಿರಿಂದಲ್ಲ, ಕೆಳಗ ಏನೋ ಹಿಡದೈತಿ. ಎತ್ತಿ ನೋಡ್ರಿ."

ಅಣ್ಣ ಮೋಟಾರನ್ನು ಓರೆ ಮಾಡಿ ನೀರಿನಿಂದ ಎತ್ತಿದರು. ಕೆಳಗಿನ ಪಂಖಕ್ಕೆ ಒಂದು ಹಳೆಯ ಸೀರೆ ಸುತ್ತಿಕೊಂಡಿತ್ತು. ಹುಲ್ಲೆ, ಹಂದಿ ಬರಬಾರದೆಂದು ಹೊಲದ ಸುತ್ತ ಹಳೆಯ ಸೀರೆ ಕಟ್ಟುತ್ತಾರಲ್ಲ, ಅಂಥ ಬೇಲಿಯ ಮೇಲೆಯೇ ನಾವು ಹೊರಟಿದ್ದೆವು. ಅಣ್ಣ ಒಂದು ಕೈಯಿಂದ ಜಾಲಿಯ ಟೊಂಗೆ ಹಿಡಿದು ದೋಣಿ ನಿಲ್ಲಿಸಿದರು, ಮುಳ್ಳು ಚುಚ್ಚಿ ರಕ್ತ ಬಂದರೂ ಬಿಡಲಿಲ್ಲ. ನಾನು ಹಿಂದಕ್ಕೆ ಹೊರಳಿ, ಹೊಟ್ಟೆಯ ಮೇಲೆ ಮಲಗಿ, ಅವರ ಸೊಂಟದಲ್ಲಿದ್ದ ಕುಡುಗೋಲಿನಿಂದ ಸೀರೆ ಕೊಯ್ದು ಸುತ್ತು ಬಿಚ್ಚಿದೆ. ಅಂಚಿನಲ್ಲಿ ಜರಿ ಇನ್ನೂ ಇತ್ತು. ಯಾರ ಮನೆಯ ಮದುವೆಯದೋ ಏನೋ.

ಒಂದೇ ಜಗ್ಗಿಗೆ ಮೋಟಾರು ಎದ್ದಿತು.

ರಸ್ತೆಯ ಏರಿನಲ್ಲಿ ಆಂಬ್ಯುಲೆನ್ಸ್ ನಿಂತಿತ್ತು. ಅವರು ಕಾಕಾನ ಮುಖಕ್ಕೆ ಆಕ್ಸಿಜನ್ ಹಾಕಿ ಮೇಲೆ ಕೂಡಿಸಿದರು. ಕಾಕು ಹತ್ತಿದರು. ಬಾಗಿಲು ಹಾಕುವ ಮುಂಚೆ ಕಾಕಾ ಮುಖದ ಮೇಲಿನ ಮುಖವಾಡ ಸರಿಸಿ ನನ್ನನ್ನು ಕರೆದರು. ಏನೋ ದೊಡ್ಡ ಮಾತು ಹೇಳುತ್ತಾರೆ ಎಂದುಕೊಂಡು ಹತ್ತಿರ ಹೋದೆ.

"ಬಂದ್ ಮಾಡೂಮುಂದ ಪೆಟ್ರೋಲಿನ ನಳದ ಚಾವಿ ಮುಚ್ಚರಿ. ಇಲ್ಲಾಂದ್ರ ಮತ್ತ ಅಂಟು ಹಿಡೀತೈತಿ" ಎಂದರು.

ಆ ದಿನ ಸಂಜೆಯವರೆಗೂ, ಮರುದಿನವೂ ದೋಣಿ ನಿಲ್ಲಲಿಲ್ಲ. ರಸ್ತೆಯಿಂದ ಹಾಲಿನ ಪುಡಿ, ಸಕ್ಕರೆ ಕಾಯಿಲೆಯವರ ಇಂಜೆಕ್ಷನ್ನು, ಅಕ್ಕಿ, ಬೆಂಕಿಪೊಟ್ಟಣ ತಂದೆವು. ಜ್ವರ ಬಂದಿದ್ದ ಇಬ್ಬರು ಮುದುಕಿಯರನ್ನು ದಾಟಿಸಿದೆವು. ರಕ್ಷಣಾ ತಂಡದವರು ಬುಧವಾರ ಬಂದಾಗ ನಮ್ಮ ಮೋಟಾರು ನೋಡಿ, "ಇದು ಇನ್ನೂ ಓಡುತ್ತಾ?" ಎಂದು ಬೆರಗಾದರು. ಅಷ್ಟೊತ್ತಿಗೆ ಹಗ್ಗ ಜಗ್ಗುವುದು ನನಗೂ ಬಂದಿತ್ತು. ತೋಳಿನ ಬಲವೊಂದೇ ಸಾಲದು. ಮೊದಲು ಮೆಲ್ಲಗೆ ಎಳೆದು, ಒಳಗೆ ಎಲ್ಲಿ ತಡೆಯುತ್ತದೋ ಅಲ್ಲಿಂದ ಒಮ್ಮೆಲೇ ಜಗ್ಗಬೇಕು.

ಕಾಕಾ ಮಂಗಳವಾರ ಸಂಜೆಯೇ ಯಂತ್ರಕ್ಕೆ ಹತ್ತಿದರು. ಇನ್ನು ಅರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಶನಿವಾರ ನೀರು ಇಳಿದಮೇಲೆ ಟ್ರ್ಯಾಕ್ಟರಿನಲ್ಲಿ ಊರಿಗೆ ಬಂದರು. ಕೆಳಗಿನ ಓಣಿಯಲ್ಲಿ ಮನೆಯೊಳಗಿನ ಕೆಸರು ತೆಗೆಯುವ ಕೆಲಸ ನಡೆದಿತ್ತು. ನಾನು ಅವರನ್ನು ನೋಡಿ ಓಡಿಹೋದೆ. ಏನೇನೋ ಹೇಳಬೇಕೆಂದು ನಾಲ್ಕು ದಿನದಿಂದ ಮನಸ್ಸಿನಲ್ಲಿ ಕೂಡಿಸಿಟ್ಟಿದ್ದೆ. ಕೊನೆಗೆ ಪೆಟ್ರೋಲಿನ ಚಾವಿ ಮುಚ್ಚಿದ್ದೇನೆ ಎಂದಷ್ಟೇ ಹೇಳಿದೆ. ಅವರೂ ನನಗೆ ಉಪಕಾರ ಸ್ಮರಣೆಯ ಮಾತು ಹೇಳಲಿಲ್ಲ. ಕಾಕು ಮಾತ್ರ ಆ ದಿನ ರೊಟ್ಟಿ ಬಡಿಯುತ್ತ, ನನ್ನ ತಾಟಿಗೆ ಬಿಸಿ ರೊಟ್ಟಿಯ ಮೇಲೆ ಬಿಸಿ ರೊಟ್ಟಿ ಹಾಕುತ್ತಲೇ ಹೋದರು. ಸಾಕು ಎಂದರೂ ಕೇಳಲಿಲ್ಲ. ಐದಾದವು. ತಿಂದೆ.

ಊರಿನವರು ನಾನು ಕಾಕಾನ ಜೀವ ಉಳಿಸಿದೆ ಎಂದು ಈಗಲೂ ಹೇಳುತ್ತಾರೆ. ಅದು ಅರ್ಧ ಮಾತ್ರ ಖರೆ. ಆ ನೀರಿನಲ್ಲಿ ನಿಂತು ನಾನು ಮಾಡಿದ್ದೆಲ್ಲ ಅವರು ಹೇಳಿಕೊಟ್ಟಿದ್ದು. ಉಸಿರು ಸಿಗದೆ ಒದ್ದಾಡುತ್ತಿದ್ದ ಮನುಷ್ಯ, ತನ್ನ ಉಸಿರನ್ನು ಒಂದೊಂದು ಮಾತಿಗೆ ಖರ್ಚು ಮಾಡಿ, ಏನೂ ಬಾರದ ಒಬ್ಬಳಿಗೆ ಎಂಜಿನ್ ಕಲಿಸಿದರು. ಒಮ್ಮೆಯೂ ಲಗೂ ಮಾಡ್ರಿ ಎಂದು ಅವಸರಪಡಿಸಲಿಲ್ಲ. ನಾನು ಕಲಿಸುವ ಕಸುಬಿನವಳು. ಮಕ್ಕಳು ಎರಡನೆಯ ಸಲ ತಪ್ಪಿದರೆ ನನ್ನ ದನಿ ಏರುತ್ತಿತ್ತು. ಆ ಮಂಗಳವಾರದ ನಂತರ ಅದು ಕಡಿಮೆಯಾಗಿದೆ. ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ.

ಇನ್ನೊಂದು ಮಾತು. ಗಂಡ ಹೋದಮೇಲೆ ನಾನು ಯಾರ ಮನೆಯ ಕಷ್ಟಕ್ಕೂ ಕೈ ಹಾಕದೆ, ಯಾರೂ ನನ್ನದಕ್ಕೆ ಕೈ ಹಾಕದಂತೆ ಬದುಕಿದ್ದೆ. ಅದೇ ನೆಮ್ಮದಿ ಎಂದು ತಿಳಿದಿದ್ದೆ. "ನಿಮ್ಮ ಕೈ ಕೊಡ್ರಿ ನನಗ" ಎಂದು ಕಾಕಾ ಅಂದಾಗ, ಎಷ್ಟೋ ವರ್ಷಗಳ ಮೇಲೆ ಯಾರಿಗೋ ನಾನು ಬೇಕಾಗಿದ್ದೆ. ಆ ಮಾತಿಗೆ ನಾನು ಎಷ್ಟು ಋಣಿ ಎಂದು ಅವರಿಗೆ ಹೇಳಿಲ್ಲ. ಹೇಳಿದರೆ, "ಹೋಗ್ರಿ ಅಕ್ಕೋರ, ಹುಚ್ಚರಂಗ ಮಾತಾಡಬ್ಯಾಡ್ರಿ" ಎನ್ನುತ್ತಾರೆ.

ಮುಂದಿನ ವರ್ಷ ನನಗೆ ಕಲಘಟಗಿ ತಾಲೂಕಿಗೆ ವರ್ಗವಾಯಿತು. ಈಗ ಮಿಶ್ರಿಕೋಟಿಯಲ್ಲಿ ಇರುತ್ತೇನೆ. ಇಲ್ಲಿ ಭತ್ತದ ಗದ್ದೆಗಳೂ ಇವೆ, ಮಣ್ಣಿನ ಬಣ್ಣವೇ ಬೇರೆ. ಶಾಲೆಗೆ ಹೋಗಿಬರಲು ಒಂದು ಹಳೆಯ ಸ್ಕೂಟಿ ಕೊಂಡಿದ್ದೇನೆ. ಕಾಕಾ ಇದ್ದಾರೆ. ಇನ್ನೂ ಹುಬ್ಬಳ್ಳಿಗೆ ಹೋಗಿ ಬರುತ್ತಾರೆ, ಈಗ ವಾರಕ್ಕೆ ಮೂರು ಸಲ. ಎರಡು ದಿನಕ್ಕೊಮ್ಮೆ ಫೋನು ಮಾಡುತ್ತೇನೆ.

ಹೋದ ತಿಂಗಳು ಶಾಲೆಯಿಂದ ಬರುವಾಗ ಸ್ಕೂಟಿ ದಾರಿಯಲ್ಲಿ ನಿಂತಿತು. ನನಗೀಗ ಸೊಕ್ಕು ಬಂದಿತ್ತು. ಪ್ಲಗ್ಗು ಬಿಚ್ಚಿದೆ, ಉಜ್ಜಿದೆ, ಹಾಕಿದೆ. ಹೋಗುವವರು ಬರುವವರು ನಿಂತು ನೋಡಿದರು. ಏನು ಮಾಡಿದರೂ ಏಳಲಿಲ್ಲ. ಕೊನೆಗೆ ಕಾಕಾನಿಗೆ ಫೋನು ಹಚ್ಚಿದೆ.

"ಫೋನ್ ಎಂಜಿನ್ ಹತ್ರ ಹಿಡೀರಿ. ಹೂಂ, ಚಾಲೂ ಮಾಡ್ರಿ" ಎಂದರು.

ಗುಂಡಿ ಒತ್ತಿದೆ. ಅವರು ಸ್ವಲ್ಪ ಹೊತ್ತು ಕೇಳಿದರು.

"ಅಕ್ಕೋರ," ಎಂದರು ಮೆಲ್ಲಗೆ, "ಪೆಟ್ರೋಲ್ ಹಾಕಿಸೀರೇನು?"

ನಾನು ಸೀಟು ಎತ್ತಿ ಟಾಕಿಯೊಳಗೆ ನೋಡಿದೆ. ಫೋನಿನಲ್ಲಿ ಕಾಕು ನಗುವುದು ಕೇಳಿಸಿತು, ಹಿಂದೆಯೇ ಕಾಕಾ. ಬಂಕಿನವರೆಗೆ ಒಂದು ಕಿಲೋಮೀಟರ್ ಗಾಡಿ ನೂಕುತ್ತ ನಾನೂ ನಗುತ್ತಲೇ ಹೋದೆ.